ಅರಳಿಗೆ ಮೂರಡಿ ಮಣ್ಣು

ಕಿರಿಯ ಮಿತ್ರರೇ, ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ದೂರದ ಮಾನೇಸರಿನಿಂದ ನಿಮಗೆ ಬರೆಯುತ್ತಿರುವುದು ಒಂದು ಅರಳಿಯ ಗಿಡದ ವಿಚಾರವಾಗಿ. ಮಾನೇಸರ್ ಹರಿಯಾಣದ ಗುರುಗ್ರಾಮ ಜಿಲ್ಲೆಯಲ್ಲಿ, ದೆಹಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಮೋಟಾರು ಕಾರ್ಖಾನೆಗಳಿಂದ ಹೆಸರಾದ ಊರು.

ಇಲ್ಲಿನ ಕಚೇರಿಗಳ ಹಜಾರಗಳಲ್ಲಿ ಕುಂಡದೊಳಗೆ ನಿಂತ ಒಂದು ಗಿಡವನ್ನು ಕಾಣಬಹುದು. ಅದನ್ನು ಫೈಕಸ್ ಎನ್ನುವರು. ನಮ್ಮ ಆಲ, ಅರಳಿ, ಅತ್ತಿ, ಬಸರಿಗಳ ದಾಯಾದಿಯೇ ಅದು. ಅದರ ಎಲೆಯ ಧೂಳನ್ನೊರಸಲು ಆಳುಂಟು. ಇಟ್ಟ ಜಾಗ ಬದಲಾದರೆ ಎಲೆಯುದುರಿಸಿ ಮುನಿಯುವ ಗಿಡವಾದುದರಿಂದ ಅದಕ್ಕೆ ಉಪಚಾರವೂ ಹೆಚ್ಚು. ಹೊರಗಣ ಬೀದಿಯಲ್ಲಿ ಅದೇ ಕುಲದ ಅರಳಿಯ ಸಸಿ ನೀರಿಲ್ಲದೆ ಒಣಗುತ್ತಿರುತ್ತದೆ. ಇಲ್ಲಿಯವರು ಪೀಪಲ್ ಎನ್ನುವ ಈ ಅರಳಿಯೇ ಹರಿಯಾಣದ ರಾಜ್ಯವೃಕ್ಷ! ಈ ಪಂಕ್ತಿಭೇದ ನನಗೆ ಒಪ್ಪಿಗೆಯಿಲ್ಲ.

ಅರಳಿಯ ಹೂಗಳು ಕಾಯಿಯ ಒಳಗೇ ಅಡಗಿರುತ್ತವೆ. ಸಾಸಿವೆಗಿಂತ ಸಣ್ಣದೊಂದು ಕಣಜ ಒಳಹೊಕ್ಕು ಪರಾಗವನ್ನು ಮುಟ್ಟಿಸಿದರೆ ಮಾತ್ರ ಬೀಜ ಕಟ್ಟುವುದು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಲ್ಲಿಗೋ ಒಯ್ಯುವುವು. ಗೋಡೆಯ ಬಿರುಕಿನಲ್ಲಿ ಅರಳಿ ಮೊಳೆಯುವುದು ಹೀಗೆಯೇ. ಬೇರು ಗೋಡೆಯನ್ನು ಸೀಳೀತೆಂದು ನಮ್ಮ ವಸತಿಯ ಹಿರಿಯರು ಅಂಜಿದರು. ಆ ಅಂಜಿಕೆ ಸುಳ್ಳಲ್ಲ. ಆದುದರಿಂದ ಮನೆಗಳಿಂದ ದೂರದಲ್ಲಿ, ಮೈದಾನದ ಮೂಲೆಯಲ್ಲಿ ನನ್ನ ಸಸಿಯನ್ನು ನೆಟ್ಟೆನು.

1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಪ್ರತಿ ಜುಲೈಯಲ್ಲಿ ಸಸಿ ನೆಡುತ್ತಿದ್ದೇವೆ, ಭಾಷಣವನ್ನೂ ಮಾಡುತ್ತಿದ್ದೇವೆ. ಸಂಕ್ರಾಂತಿಯ ಹೊತ್ತಿಗೆ ಎಷ್ಟೋ ಕಡೆ ಉಳಿಯುವುದು ಗುಂಡಿ ಮಾತ್ರ. ಮಾನೇಸರಿನಲ್ಲಂತೂ ಮಳೆಯ ಬಹುಪಾಲು ಮೂರು ತಿಂಗಳೊಳಗೆ ಮುಗಿದುಹೋಗುತ್ತದೆ. ಮೇ-ಜೂನ್‌ಗಳಲ್ಲಿ ಬಿಸಿಲು 45 ಡಿಗ್ರಿಗೇರಿ 'ಲೂ' ಎಂಬ ಉರಿಗಾಳಿ ಬೀಸುವುದು. ಜನವರಿಯ ಕೆಲವು ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಬೆಳೆದ ಮರ ಇದೆಲ್ಲವನ್ನೂ ತಾಳೀತು, ಎಳೆಯದು ತಾಳದು.

ಮೊದಲ ಚಳಿಗಾಲದಲ್ಲಿ ನನ್ನ ಗಿಡದ ಕುಡಿ ಕಪ್ಪಾಯಿತು. ಕಿತ್ತೆಸೆಯಿರಿ ಎಂದವರೇ ಹೆಚ್ಚು. ಉಗುರಿನಿಂದ ತೊಗಟೆಯನ್ನು ಕೆರೆದು ನೋಡಿದೆ, ಒಳಗೆ ಹಸುರಿತ್ತು. ಮಾರ್ಚಿಯಲ್ಲಿ ಕೆಳಗಿನ ಗೆಣ್ಣಿನಿಂದ ಹೊಸ ಚಿಗುರು ಬಂದಿತು. ಮರುವರ್ಷ ರಾತ್ರಿಗಳಲ್ಲಿ ಗೋಣಿತಾಟನ್ನು ಹೊದಿಸಿ ಬೆಳಗ್ಗೆ ತೆಗೆದೆ. ಬೇಸಗೆಯಲ್ಲಿ ದಿನವೂ ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಪಾತಿ ತುಂಬ ನೀರುಣಿಸುವುದು ಲೇಸು; ಬೇರು ಆಳಕ್ಕಿಳಿಯುತ್ತದೆ. ದನಗಳಿಂದ ಕಾಯಲು ಮುಳ್ಳಿನ ಬೇಲಿ ಸಾಕು.

ಇದೇನೂ ಹೊಸ ವಿದ್ಯೆಯಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೂರಾರು ಆಲಗಳನ್ನು ಬೆಳೆಸಿದ್ದು ಹೀಗೆಯೇ: ಮಳೆಗಾಲದಲ್ಲಿ ನೆಟ್ಟು, ಮುಳ್ಳು ಕಟ್ಟಿ, ಕೊಡಗಳಲ್ಲಿ ನೀರು ಹೊತ್ತು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು; 2025ರ ನವೆಂಬರಿನಲ್ಲಿ ತೀರಿಕೊಂಡರು. ಅವರನ್ನು ಹೊಗಳುವ ನಾವು ಆ ಕೊಡಗಳನ್ನು ಮರೆತೆವೆಂದು ನನಗೆ ತೋರುತ್ತದೆ.

ಮೂರನೆಯ ವರ್ಷ, ಚಳಿಗೂ ದನಕ್ಕೂ ಬಗ್ಗದ ನನ್ನ ಅರಳಿಗೆ ಮನುಷ್ಯರಿಂದಲೇ ಕುತ್ತು ಒದಗಿತು. ಮೈದಾನವನ್ನು ಅಂದಗೊಳಿಸುವವರು ಕಾಂಡಕ್ಕೆ ತಾಗುವಂತೆ ಸಿಮೆಂಟಿನ ಕಲ್ಲುಗಳನ್ನು ಹಾಸಿದರು. ಬೇರಿಗೂ ನೀರು ಬೇಕು, ಗಾಳಿ ಬೇಕು. ದೆಹಲಿಯ ಮರಗಳ ಬುಡದಲ್ಲಿ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು 2013ರಲ್ಲೇ ಆಜ್ಞಾಪಿಸಿತ್ತು. ಒಂದು ಮೀಟರೆಂದರೆ ಮೂರಡಿಗಿಂತ ತುಸು ಹೆಚ್ಚು. ಕೇಳಲು ನಾಚಬೇಕಾದಷ್ಟು ದೊಡ್ಡ ದಾನವೇ ಇದು? ಹಾಸುಗಲ್ಲಿನ ಖರ್ಚಿಗೆ ಒಪ್ಪಿದ ಸಭೆ, ಅದನ್ನು ತೆಗೆಯುವ ಕೂಲಿಗೆ ಎರಡು ತಿಂಗಳು ಚರ್ಚಿಸಿತು.

ಕಡೆಗೆ ಒಂದು ಪಕ್ಕದ ಕಲ್ಲುಗಳನ್ನು ಎಬ್ಬಿಸಿದ್ದಾರೆ. ಅಲ್ಲಿ ಪಾತಿ ಮಾಡಿ ನೀರೆರೆಯುತ್ತಿದ್ದೇನೆ. ಉಳಿದ ಮೂರು ಪಕ್ಕಗಳ ಮಾತನ್ನು ಬರುವ ಭಾನುವಾರದ ಸಭೆಯಲ್ಲಿ ಮತ್ತೆ ಎತ್ತುವೆನು.