ಬಣ್ಣದ ಕಪಾಟು ಮತ್ತು ಬೀಟೆಯ ಕಾಡು

ಹಳೆಯ ಮರದ ಪೀಠೋಪಕರಣಗಳ ಮೋಹ ನಗರದ ಮನೆಗಳನ್ನು ಆವರಿಸಿದೆ. ಪದರ ಪದರವಾಗಿ ಬಣ್ಣ ಬಳಿದ ಕಪಾಟು, ಅಂಚು ಸವೆದ ಪೆಟ್ಟಿಗೆ, ಹಸಿರು ಮಾಸಿ ಒಳಗಿನ ಮರ ಇಣುಕುವ ಕುರ್ಚಿ ಇವುಗಳಿಗೆ ಹೊಸ ಸಾಮಾನಿಗಿಂತ ಹೆಚ್ಚಿನ ಬೆಲೆ ಬಂದಿದೆ. ಇದನ್ನು ಉಳ್ಳವರ ಖಯಾಲಿ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಈ ಮೋಹದಲ್ಲಿ ಒಂದು ವಿವೇಕವಿದೆ, ಅದರ ಬೆನ್ನಿಗೇ ಅಪಾಯವೂ ಇದೆ. ಎರಡನ್ನೂ ಬಿಡಿಸಿ ನೋಡಲು ಕೋಲಾರದ ಚಿನ್ನದ ಗಣಿ ಪ್ರದೇಶ ತಕ್ಕ ಜಾಗ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಊರ್ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಅಧಿಕಾರಿಗಳ ಬಂಗಲೆಗಳೂ ಕಾರ್ಮಿಕರ ಸಾಲುಮನೆಗಳೂ ಎದ್ದವು. ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಸುರಂಗಕ್ಕೆ ಆಸರೆಯಾಗಿ ಇಳಿದ ಮರ ಯಾರ ಕಣ್ಣಿಗೂ ಬೀಳಲಿಲ್ಲ. ಬಂಗಲೆಯ ಹಜಾರದಲ್ಲಿ ಮೇಜು, ಬೀರು, ಮಂಚವಾಗಿ ನಿಂತ ಮರ ಮಾತ್ರ ಕಂಡಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಬಳ ನಿಂತ ಮನೆ ಮೊದಲು ಒಡವೆ ಮಾರುತ್ತದೆ, ಆಮೇಲೆ ಹಿತ್ತಾಳೆ ಪಾತ್ರೆ, ಕೊನೆಗೆ ಅಜ್ಜನ ಕಾಲದ ಕಪಾಟು. ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವ ಜನರ ಊರಿನಿಂದ ಹಳೆಯ ಸಾಮಾನೂ ಅದೇ ದಿಕ್ಕಿಗೆ ಸಾಗಿದರೆ ಆಶ್ಚರ್ಯವೇನು? ಚಿನ್ನ ಹೋದ ದಾರಿಯಲ್ಲೇ ಮರವೂ ಹೋಗುತ್ತದೆ. ಊರಿಗೆ ಉಳಿಯುವುದು ಸೈನೈಡ್ ದಿಬ್ಬಗಳ ಧೂಳು.

ಹಳೆಯ ಮರಕ್ಕೆ ಇಷ್ಟು ಆಕರ್ಷಣೆ ಏಕೆ? ಕಾರಣ ಕಣ್ಣಿನದಷ್ಟೇ ಅಲ್ಲ. ಕಾಡಿನಲ್ಲಿ ನಿಧಾನವಾಗಿ ಬೆಳೆದ ತೇಗ, ಬೀಟೆಗಳ ಚೇಗಿನಲ್ಲಿ ಮರವೇ ಕೂಡಿಟ್ಟ ರಾಸಾಯನಿಕಗಳಿವೆ. ಗೆದ್ದಲೂ ಕುಟ್ಟೆಹುಳುವೂ ಅದನ್ನು ಸುಲಭವಾಗಿ ತಿನ್ನಲಾರವು. ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿಮರವೇ ಹೆಚ್ಚು. ಅದರಿಂದ ಮಾಡಿದ ಸಾಮಾನು ಕೆಲವೇ ವರ್ಷಗಳಲ್ಲಿ ಪುಡಿ ಉದುರಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ. ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. 40 ಕಿಲೋ ತೂಗುವ ಕಪಾಟಿನಲ್ಲಿ 20 ಕಿಲೋ ಇಂಗಾಲ, ಅಂದರೆ ಗಾಳಿಯಿಂದ ಹೀರಿದ ಸುಮಾರು 73 ಕಿಲೋ ಇಂಗಾಲದ ಡೈ ಆಕ್ಸೈಡ್ ಭದ್ರವಾಗಿ ಕುಳಿತಿದೆ. ಅದು ಒಲೆ ಸೇರಿದ ದಿನ ಮತ್ತೆ ಗಾಳಿ ಸೇರುತ್ತದೆ. ಆದ್ದರಿಂದ ಹಳೆಯ ಕಪಾಟನ್ನು ಉಳಿಸಿಕೊಳ್ಳುವುದು ಕಾಡನ್ನು ಉಳಿಸುವ ಕೆಲಸದ ಒಂದು ಸಣ್ಣ ಭಾಗವೇ ಹೌದು.

ಬಣ್ಣ ಬಳಿಯುತ್ತಿದ್ದುದೂ ಬರಿಯ ಅಂದಕ್ಕಲ್ಲ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ. ಬಣ್ಣದ ಪದರ ಈ ಏರಿಳಿತವನ್ನು ತಗ್ಗಿಸುತ್ತದೆ. ಈಗಿನ ರೂಢಿಯೋ, ಆ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಬೆಂಕಿಯ ಝಳ ತಾಗಿಸಿ ಕಿತ್ತು 'ಸಹಜ ಮರ'ವನ್ನು ತೋರಿಸುವುದು. ಇಲ್ಲಿಯೇ ಅಪಾಯ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸದ ಬಳಕೆ ಸಾಮಾನ್ಯವಾಗಿತ್ತು. ಕೆಂಪು, ಹಳದಿ, ಬಿಳಿ ಬಣ್ಣಗಳಿಗೆ ಸೀಸದ ಸಂಯುಕ್ತಗಳೇ ಮೂಲ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಮೊದಲು ಬಡಗಿಯ ಶ್ವಾಸಕೋಶಕ್ಕೆ, ಆಮೇಲೆ ನೆಲದ ಮೇಲೆ ತೆವಳುವ ಮಗುವಿನ ಬಾಯಿಗೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದ ಯಾವ ಪ್ರಮಾಣವೂ ಕ್ಷೇಮವಲ್ಲ. ಕೊಳ್ಳುವವನ ಹಜಾರ ಹೊಳೆಯುತ್ತದೆ, ಕೂಲಿಯವನು ಧೂಳು ಕುಡಿಯುತ್ತಾನೆ. ಗಣಿಯ ಊರು ಈ ಪಾಠವನ್ನು ಒಂದು ಶತಮಾನ ಓದಿದೆ.

ಎರಡನೆಯ ಅಪಾಯ ಮಲೆನಾಡಿನ ಹೊಸ್ತಿಲಲ್ಲೇ ನಿಂತಿದೆ. ಹಳೆಯದಕ್ಕೆ ಬೇಡಿಕೆ ಏರಿದಂತೆ, ಹೊಸ ಮರವನ್ನು ಕೊಯ್ದು, ಬಣ್ಣ ಬಳಿದು, ಬೇಕೆಂದೇ ಕೆರೆದು 'ಪುರಾತನ' ಮಾಡುವ ಕಸುಬು ಬೆಳೆಯುತ್ತದೆ. ಇನ್ನೊಂದೆಡೆ ತೊಟ್ಟಿಮನೆಗಳ ಕಂಬ, ಬಾಗಿಲುವಾಡ, ಪೆಟ್ಟಿಗೆಗಳು ಲಾರಿ ಹತ್ತುತ್ತವೆ. ತೆರವಾದ ಜಾಗಕ್ಕೆ ಪ್ಲೈವುಡ್ ಬರುತ್ತದೆ. ಬೀಟೆಯನ್ನು ಅಳಿವಿನ ಭೀತಿಯ ಮರಗಳ ಪಟ್ಟಿಗೆ ಸೇರಿಸಲಾಗಿದೆ. 2017ರ ಜನವರಿಯಿಂದ ಅದರ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 'ಸೈಟಿಸ್' ಒಪ್ಪಂದದ ಹಿಡಿತಕ್ಕೆ ಬಂದಿದೆ. ಆದರೆ ಒಪ್ಪಂದ ಗಡಿಯಲ್ಲಿ ಕಾಯುತ್ತದೆ, ಕಾಡಿನಂಚಿನಲ್ಲಿ ಅಲ್ಲ. ಅಲ್ಲಿ ಕಾಯಬೇಕಾದವರು ಊರಿನವರೇ.

ಹಾಗಾದರೆ ಮಾಡಬೇಕಾದದ್ದೇನು? ಮನೆಯಲ್ಲಿರುವ ಬಣ್ಣದ ಪೆಟ್ಟಿಗೆಯನ್ನು ಮಾರುವ ಮುನ್ನ ಅದರ ಬದಲಿಗೆ ಬರುವ ವಸ್ತುವಿನ ಆಯಸ್ಸನ್ನು ಎಣಿಸಬೇಕು. ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಾಸಿದ್ದರೆ ಸೀಸವಿಲ್ಲದ ಬಣ್ಣವನ್ನು ಅದರ ಮೇಲೆಯೇ ಬಳಿಯಬೇಕು. ಹೊಪ್ಪಳೆ ಏಳುತ್ತಿದ್ದರೆ ಮಕ್ಕಳಿಂದ ದೂರವಿಡಬೇಕು. ಹಳೆಯ ಬಣ್ಣದ ತೊಟ್ಟಿಲು ಮಾತ್ರ ಎಂದಿಗೂ ಕೂಸಿಗೆ ಬೇಡ. ಬಣ್ಣದ ಮರವೇ ಬೇಕೆನ್ನುವವರಿಗೆ ಚನ್ನಪಟ್ಟಣದ ಹಾಲೆಮರದ ಮೇಲಿನ ಅರಗಿನ ಬಣ್ಣವಿದೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಹಗುರ ಮರದ ಕಲೆಯಿದೆ. ಅವಕ್ಕೆ ಕಾಡಿನ ಬೀಟೆ ಬೇಕಿಲ್ಲ, ಬದುಕುವ ಕುಶಲಕರ್ಮಿಗಳಿದ್ದಾರೆ.

ನೆಲದೊಳಗಿನ ಚಿನ್ನ ಮತ್ತೆ ಬೆಳೆಯುವುದಿಲ್ಲ. ಬೀಟೆ ಬೆಳೆಯುತ್ತದೆ, ಆದರೆ ನೆಟ್ಟವನ ಮೊಮ್ಮಗನಿಗಾಗಿ. ಈ ವ್ಯತ್ಯಾಸವನ್ನು ಅರಿತ ಊರು ತನ್ನ ಕಾಡನ್ನೂ ಕಪಾಟನ್ನೂ ಅಗ್ಗಕ್ಕೆ ಬಿಟ್ಟುಕೊಡಲಾರದು.