ಹೊರನಾಡಿನ ಮಗು, ದೂರವಾಣಿಯ ಮೇಷ್ಟರು

ಹೊರನಾಡ ಕನ್ನಡ ಸಂಘಗಳಲ್ಲಿ ಈಗ ತಂತ್ರಜ್ಞಾನದ ಮಾತು ಬಹಳವಾಗಿ ಕೇಳಿಬರುತ್ತಿದೆ. ಮಕ್ಕಳು ಮನೆಯಲ್ಲೇ ಕುಳಿತು ಕನ್ನಡ ಕಲಿಯಲು ಆ್ಯಪ್ ಒಂದನ್ನು ಸಿದ್ಧಪಡಿಸಬೇಕು, ಸಭಾಂಗಣಕ್ಕೆ ದೊಡ್ಡ ಪರದೆ ಹಾಕಿಸಬೇಕು, ಅದಕ್ಕೆ ಕರ್ನಾಟಕ ಸರ್ಕಾರದ ಅನುದಾನ ಕೇಳಬೇಕು ಎಂಬ ಸೂಚನೆಗಳು ಸಮಿತಿಗಳ ಮುಂದೆ ಬರುತ್ತಿವೆ. ಉದ್ದೇಶ ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರದ ನೌಕರಿಯಲ್ಲಿ ಹೈದರಾಬಾದು, ದೆಹಲಿ, ಪುಣೆ ಎಂದು ಊರೂರು ಸುತ್ತಿ, ಎಷ್ಟೋ ಯೋಜನೆಗಳು ಕಡತದಲ್ಲಿ ಹುಟ್ಟಿ ಕಡತದಲ್ಲೇ ಮಲಗಿದ್ದನ್ನು ಕಂಡಿರುವ ನನಗೆ ಎರಡು ಪ್ರಶ್ನೆಗಳನ್ನು ಕೇಳಬೇಕೆನಿಸುತ್ತದೆ. ಇದು ಯಾವ ಮಕ್ಕಳಿಗಾಗಿ? ಯಂತ್ರದ ಆಚೆ ತುದಿಯಲ್ಲಿ ಕುಳಿತಿರುವವರು ಯಾರು?

ಯಂತ್ರದ ಮೂಲಕ ದೂರದ ಮಕ್ಕಳಿಗೆ ಪಾಠ ತಲುಪಿಸುವ ಯೋಚನೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕನ್ನಡದಲ್ಲೇ ಕಾರ್ಯಕ್ರಮ. ಉಪಗ್ರಹದ ಗಡುವು ಮುಗಿದೊಡನೆ, 1976ರ ಜುಲೈ ಕೊನೆಗೆ, ಪ್ರಯೋಗವೂ ಮುಗಿಯಿತು. ನಮ್ಮ ವಿಜ್ಞಾನಿಗಳ ಆ ಸಾಹಸವನ್ನು ಕಿರಿದುಮಾಡುವ ಮನಸ್ಸು ನನಗಿಲ್ಲ. ಆದರೆ ಆ ಪೆಟ್ಟಿಗೆ ಹೇಳುತ್ತಿತ್ತು. ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವ ಏರ್ಪಾಡು ಅದರಲ್ಲಿರಲಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಕೈಯಲ್ಲಿ ಎಷ್ಟೋ ಹೆಚ್ಚಿನ ಸಾಧನಗಳಿದ್ದವು. 2017ರಲ್ಲೇ ಆರಂಭವಾಗಿದ್ದ ‘ದೀಕ್ಷಾ’ ಇತ್ತು, ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಅಸರ್’ ನಡೆಸಿದ ಗ್ರಾಮೀಣ ಸಮೀಕ್ಷೆಯಂತೆ ಶಾಲಾ ಮಕ್ಕಳಲ್ಲಿ ಶೇ. 61.8ರಷ್ಟು ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಈ ಪ್ರಮಾಣ ಶೇ. 36.5 ಮಾತ್ರ. ಆದರೂ ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಏನಾದರೊಂದು ಪಾಠಸಾಮಗ್ರಿ ದೊರೆತದ್ದು ಮೂರರಲ್ಲಿ ಒಬ್ಬ ಮಗುವಿಗೆ. ಫೋನು ಮನೆಗೆ ಬಂದಿತ್ತು, ಮೇಷ್ಟರು ಬಂದಿರಲಿಲ್ಲ.

ಇನ್ನು ಮೊದಲ ಪ್ರಶ್ನೆ. ನಮ್ಮ ಸಂಘಗಳ ಸದಸ್ಯರ ಮಕ್ಕಳಿಗೆ ಮನೆಪಾಠಕ್ಕೆ ಕೊರತೆಯಿಲ್ಲ. ಅಜ್ಜಿ ಇದ್ದಾರೆ, ಪುಸ್ತಕವಿದೆ, ಬೇಕಾದರೆ ವಾರಾಂತ್ಯದ ವಿಡಿಯೋ ತರಗತಿಯೂ ಉಂಟು. ಆದರೆ ಪುಣೆಯಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ ಬದುಕುವ ಕನ್ನಡಿಗರೂ ಇದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದವರು. ಎಂದರೆ, ಐವತ್ತು ವರ್ಷಗಳ ಹಿಂದೆ ಉಪಗ್ರಹ ಪಾಠ ಕಂಡ ಅದೇ ಸೀಮೆಯವರು. ರಾಜ್ಯೋತ್ಸವದ ಕರೆಯೋಲೆ ಇವರಿಗೆ ಹೋಗುವುದಿಲ್ಲ.

ಕಳೆದ ವರ್ಷ ಇಂಥದೊಂದು ಶೆಡ್ಡಿನ ಬಳಿ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಮಾತನಾಡಿಸಿದೆ. ಊರಿನಲ್ಲಿ ಮೂರನೆಯ ಇಯತ್ತೆ, ಇಲ್ಲಿ ಕೆಲವು ತಿಂಗಳು ನಗರಪಾಲಿಕೆಯ ಶಾಲೆ, ಬಿತ್ತನೆಯ ಹೊತ್ತಿಗೆ ಮತ್ತೆ ಊರು. “ಇಲ್ಲಿ ಮರಾಠಿ ಸಾಲಿ, ಊರಾಗ ಕನ್ನಡ ಸಾಲಿ, ಎರಡೂ ಅರ್ಧಾ ಆಗ್ಯಾವ್ರಿ” ಎಂದಳು. ಚೀಲದಲ್ಲಿದ್ದ ಕನ್ನಡ ಪತ್ರಿಕೆಯನ್ನು ತೋರಿಸಿ ಓದಿಸಿದೆ. ಕಾಗುಣಿತ ಬರುತ್ತಿತ್ತು. ಒತ್ತಕ್ಷರ ಬಂದಲ್ಲಿ ನಿಂತಳು. ‘ಅಕ್ಕ’ ಅವಳ ಬಾಯಲ್ಲಿ ‘ಅಕ’ ಆಯಿತು. ಅವಳ ತಂದೆಯ ಕೈಯಲ್ಲಿದ್ದ ಫೋನಿನಲ್ಲಿ ಕನ್ನಡ ವರ್ಣಮಾಲೆಯ ವಿಡಿಯೋಗಳಿಗೇನೂ ಬರವಿರಲಿಲ್ಲ. ಅವು ಸಾವಿರವಿದ್ದರೂ ಈ ಹುಡುಗಿ ಎಡವಿದ್ದು ಒತ್ತಿನಲ್ಲಿ ಎಂಬುದು ಅವುಗಳಿಗೆ ತಿಳಿಯುವುದಿಲ್ಲ. ಎದುರಿಗೆ ಕೇಳುತ್ತ ಕುಳಿತವರಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಈ ಕೇಳುವ ಕೆಲಸವನ್ನು ಸಾಮಾನ್ಯ ದೂರವಾಣಿಯೂ ಮಾಡಬಲ್ಲುದು. 2020ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸುಮಾರು 4500 ಕುಟುಂಬಗಳೊಡನೆ ಇದರ ಪರೀಕ್ಷೆ ನಡೆಯಿತು. ಕೆಲವು ಮನೆಗಳಿಗೆ ವಾರವಾರ ಲೆಕ್ಕದ ಪ್ರಶ್ನೆಗಳನ್ನು ಸಂದೇಶವಾಗಿ ಮಾತ್ರ ಕಳುಹಿಸಿದರು. ಇನ್ನು ಕೆಲವಕ್ಕೆ ಸಂದೇಶದ ಜೊತೆಗೆ ಶಿಕ್ಷಕರು ವಾರಕ್ಕೊಮ್ಮೆ ಸುಮಾರು 20 ನಿಮಿಷ ಕರೆಮಾಡಿ ಲೆಕ್ಕ ಮಾಡಿಸಿದರು. ಬರಿಯ ಸಂದೇಶದಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಕರೆಯಿಂದ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಮುಂದೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಇದೇ ಕ್ರಮವನ್ನು ಪರೀಕ್ಷಿಸಿದಾಗಲೂ ಫಲ ಒಳ್ಳೆಯದೇ ಬಂತು. ಆ ಪ್ರಯೋಗಗಳು ಲೆಕ್ಕಕ್ಕೆ ಸಂಬಂಧಿಸಿದವು, ನಿಜ. ಪುಸ್ತಕದ ಒಂದು ಪ್ರತಿ ಮಗುವಿನ ಕೈಯಲ್ಲಿ, ಇನ್ನೊಂದು ಪ್ರತಿ ಕರೆ ಮಾಡಿದವರ ಕೈಯಲ್ಲಿ ಇದ್ದರೆ ಓದಿಗೂ ಅದು ಸಲ್ಲುತ್ತದೆಂಬುದು ನನ್ನ ಅಭಿಪ್ರಾಯ.

ನಮ್ಮ ಸಂಘಗಳಲ್ಲಿ ನಿವೃತ್ತರು ಎಷ್ಟು ಮಂದಿ! ಬ್ಯಾಂಕು, ರೈಲ್ವೆ, ಅಂಚೆ, ಶಾಲೆಗಳಲ್ಲಿ ಆಯುಷ್ಯ ಸವೆಸಿ, ಈಗ ಸಂಜೆ ಹೇಗೆ ಕಳೆಯುವುದೆಂದು ಯೋಚಿಸುವವರು. (ಭಾಷಣಕ್ಕೆ ಕರೆದರೆ ಇವರಲ್ಲಿ ಅನೇಕರು 20 ನಿಮಿಷದಲ್ಲಿ ನಿಲ್ಲಿಸುವವರಲ್ಲ.) ಒಬ್ಬೊಬ್ಬರು ಎರಡೆರಡು ಮಕ್ಕಳನ್ನು ವಹಿಸಿಕೊಂಡು, ವಾರದಲ್ಲೊಂದು ದಿನ, ಗೊತ್ತಾದ ಹೊತ್ತಿಗೆ ಕರೆ ಮಾಡಿದರೆ ಸಾಕು. ಹಗಲೆಲ್ಲ ಫೋನು ತಂದೆಯ ಜೇಬಿನಲ್ಲಿ ಕಟ್ಟಡದ ಮೇಲಿರುತ್ತದಾದ್ದರಿಂದ ರಾತ್ರಿ ಎಂಟರ ನಂತರವೇ ಪಾಠ. ಹಿಂದೆ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆ ನಡೆಸಿದಾಗಲೂ ದುಡಿಮೆಯ ಹೊತ್ತನ್ನು ನೋಡಿಯೇ ಗಂಟೆ ಬಾರಿಸಿದರು. ಕರೆಯ ವೇಳೆ ತಾಯಿಯೋ ತಂದೆಯೋ ಪಕ್ಕದಲ್ಲಿರಬೇಕು, ಫೋನಿನ ಸ್ಪೀಕರ್ ತೆರೆದಿರಬೇಕು; ಇದರಲ್ಲಿ ರಿಯಾಯಿತಿ ಸಲ್ಲದು. ರೀಚಾರ್ಜ್ ತಪ್ಪಿದರೆ ಒಳಬರುವ ಕರೆಯೂ ನಿಲ್ಲುವ ಕಾಲ ಇದು. ಆ ವೆಚ್ಚವನ್ನು ಸಂಘವೇ ಭರಿಸಲಿ. ದೊಡ್ಡ ಪರದೆಗೆ ತೆಗೆದಿಟ್ಟ ಹಣದಲ್ಲಿ ಇದು ಸಣ್ಣ ಬಾಬು.

ಆಕ್ಷೇಪಣೆಯೊಂದನ್ನು ನಿರೀಕ್ಷಿಸಿದ್ದೇನೆ. ಇರುವ ನೆಲದ ಭಾಷೆಯನ್ನು ಕಲಿಯಬೇಕಾದ ಮಕ್ಕಳನ್ನು ಕನ್ನಡಕ್ಕೆ ಎಳೆಯುವುದು ನ್ಯಾಯವೆ? ಮರಾಠಿ ಶಾಲೆಯನ್ನು ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಹೋಗದ ಮಗುವನ್ನು ಮೊದಲು ಅಲ್ಲಿಗೆ ಸೇರಿಸಬೇಕು. ಆದರೆ ಈ ಮಕ್ಕಳು ಮಳೆಗಾಲಕ್ಕೆ ಊರಿಗೆ ಮರಳುವವರು. ಮರಳಿದಾಗ ಹಳೆಯ ತರಗತಿಯಲ್ಲಿ ಕುಳಿತುಕೊಳ್ಳಲಾಗದೆ, ದನದ ಹಿಂದೆಯೋ ತಮ್ಮನನ್ನು ಎತ್ತಿಕೊಳ್ಳಲೋ ನಿಂತುಬಿಡುವುದು ಹೆಚ್ಚಾಗಿ ಹೆಣ್ಣುಮಕ್ಕಳೇ. ಊರಿನ ಶಾಲೆಯ ಶಿಕ್ಷಕರ ಸಂಖ್ಯೆಯನ್ನು ಪಡೆದು, ಮಗು ಪುಸ್ತಕದಲ್ಲಿ ಎಲ್ಲಿಯವರೆಗೆ ಬಂದಿದೆ ಎಂದು ಅವರಿಗೊಂದು ಮಾತು ತಿಳಿಸುವುದೂ ಈ ಕೆಲಸದ ಭಾಗವಾಗಬೇಕು.

ಕರ್ನಾಟಕದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದರಿಂದ ಐದನೆಯ ತರಗತಿಯವರೆಗಿನ ಕನ್ನಡ ಮತ್ತು ಗಣಿತ ಪುಸ್ತಕಗಳನ್ನು ಇಪ್ಪತ್ತಿಪ್ಪತ್ತು ಪ್ರತಿ ಮುದ್ರಿಸಿ ಹೊಲಿಸಲು ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ. ಕೂಲಿಯವರು ದೀಪಾವಳಿ ಮುಗಿಸಿ ನಗರಕ್ಕೆ ಮರಳುವ ಹೊತ್ತಿಗೆ ಅವು ಸಂಘದ ಕಪಾಟಿನಲ್ಲಿರಲಿ. ಯಾರು ಯಾವ ಮಗುವಿಗೆ ಯಾವ ರಾತ್ರಿ ಕರೆ ಮಾಡುತ್ತಾರೆಂಬ ಪಟ್ಟಿಯನ್ನು ಅದರ ಬಾಗಿಲಿಗೇ ಅಂಟಿಸೋಣ.