ಫ್ಲೆಕ್ಸ್ ಬೇಡ ಅಂದರೆ ಸಾಕೆ? ಬಟ್ಟೆ ಬರೆಯುವ ಕೈ ಎಲ್ಲಿ?

ಬಸ್ ನಿಲ್ದಾಣದೆದುರು ಕತ್ತೆತ್ತಿದರೆ ಆಕಾಶ ಕಾಣದು, ಫ್ಲೆಕ್ಸ್ ಕಾಣುತ್ತದೆ. ಹುಟ್ಟುಹಬ್ಬಕ್ಕೊಂದು, ಆಷಾಢದ ರಿಯಾಯಿತಿಗೊಂದು, ಶ್ರದ್ಧಾಂಜಲಿಗೊಂದು. ರಾಜ್ಯ ಸರಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲದ ಜತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನೂ ನಿಷೇಧಿಸಿತು. ಆದೇಶ ಕಡತದಲ್ಲಿದೆ, ಫ್ಲೆಕ್ಸ್ ಕಂಬದಲ್ಲಿದೆ!

ಬಟ್ಟೆ ಮೇಲೆ ಬರೆಸೋಣ ಅಂದ್ರೆ ಬರೆಯೋರು ಎಲ್ಲಿ ಸಿಗ್ತಾರೆ ಎಂಬುದು ಅಂಗಡಿಯವರ ಮಾತು. ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಕಂಪ್ಯೂಟರ್ ಮುದ್ರಣ ಬಂದ ಮೇಲೆ ಕುಂಚ ಹಿಡಿದವರಲ್ಲಿ ಕೆಲವರು ಗೋಡೆ ಬಣ್ಣಕ್ಕೆ ಹೋದರು, ಕೆಲವರು ಬೇರೆ ದಂಧೆ ಹಿಡಿದರು. ಅವರ ಕೈಕೆಳಗೆ ಕಲಿಯುವ ಹುಡುಗರು ಬರುವುದು ನಿಂತಿತು. ಕಸುಬಿಗೆ ಬಿದ್ದ ನಿಜವಾದ ಪೆಟ್ಟು ಇದು.

ಇದೇನು ಮಹಾ ವಿದ್ಯೆ, ಡಬ್ಬಿ ತೆರೆದು ಬಳಿದರಾಯಿತು ಎನ್ನುವವರುಂಟು. ಅಷ್ಟು ಸುಲಭವಲ್ಲ. ಎಣ್ಣೆ ಬಣ್ಣದ ಮೂಲ ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಅದೇ ಅಗಸೆ. ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಕಡಲೆಕಾಯಿ ಎಣ್ಣೆಗೆ ಆ ಗುಣವಿಲ್ಲ, ಅದು ಅಂಟಂಟಾಗಿಯೇ ಉಳಿಯುತ್ತದೆ. ಕಾವಿಯನ್ನೋ ಕಾಡಿಗೆಯನ್ನೋ ಎಣ್ಣೆಯೊಂದಿಗೆ ಕಲ್ಲಿನ ಮೇಲೆ ಗಂಟಿಲ್ಲದಂತೆ ಅರೆಯಬೇಕು. ಕಾಡಿಗೆ ಕಪ್ಪು ನಿಧಾನವಾಗಿ ಆರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಹಸಿ ಎಣ್ಣೆ ನೇರವಾಗಿ ಹತ್ತಿಬಟ್ಟೆಗೆ ತಾಗಿದರೆ ವರ್ಷಗಳು ಕಳೆದಂತೆ ಬಟ್ಟೆ ಶಿಥಿಲವಾಗುತ್ತದೆ. ಅದಕ್ಕೇ ಮೊದಲು ಗಂಜಿಯನ್ನೋ ಅಂಟನ್ನೋ ತೆಳ್ಳಗೆ ಎಳೆಯಬೇಕು.

ಇನ್ನು ಸ್ಟೆನ್ಸಿಲ್. ದಪ್ಪ ಕಾಗದಕ್ಕೆ ಅದೇ ಅಗಸೆ ಎಣ್ಣೆ ಕುಡಿಸಿ ಒಣಗಿಸಿದರೆ ನೀರಿಗೆ ಜಗ್ಗದ ಹಾಳೆ ಸಿದ್ಧ. ಅದರಲ್ಲಿ ಸೊನ್ನೆ ಕೊರೆದು ನೋಡಿ, ನಡುವಿನ ಬಿಲ್ಲೆ ಉದುರಿ ಬೀಳುತ್ತದೆ. ಅದು ನಿಲ್ಲಬೇಕಾದರೆ ಸಣ್ಣ ಸೇತುವೆ ಬಿಡಬೇಕು. ಕನ್ನಡ ದುಂಡು ಅಕ್ಷರ. ರ, ಠ, ಅನುಸ್ವಾರ ಎಲ್ಲದರ ಹೊಟ್ಟೆಯಲ್ಲೂ ಇದೇ ತಂಟೆ. ಬಣ್ಣ ಗಟ್ಟಿಯಿರಬೇಕು, ಕುಂಚದಲ್ಲಿ ಕಡಿಮೆಯಿರಬೇಕು, ನೆಟ್ಟಗೆ ಹಿಡಿದು ಕುಟ್ಟಬೇಕು. ಎಳೆದರೆ ಬಣ್ಣ ಹಾಳೆಯಡಿ ನುಗ್ಗಿ ಅಕ್ಷರ ಕೆಡುತ್ತದೆ. ಹಾಳೆ ಒಮ್ಮೆ ಕೊರೆದರೆ ಹತ್ತಾರು ಬ್ಯಾನರಿಗೆ ಬಂತು. ಅಂಗಡಿಯವರಿಗೆ ಲಾಭದ ಲೆಕ್ಕ ಇಲ್ಲೇ ಇದೆ.

ಎಚ್ಚರವೂ ಬೇಕು. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹಳೆ ಕಾಲದ ಸೀಸದ ಬಿಳಿ, ಸೀಸದ ಕೆಂಪು ವಿಷ. ಮನೆಬಳಕೆ ಮತ್ತು ಅಲಂಕಾರದ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಇವನ್ನೆಲ್ಲ ಕಲಿಸುವವರಿಲ್ಲದೆ ಹುಡುಗರು ಕಲಿಯುವುದು ಹೇಗೆ?

ಇಂಥ ಕೈಗೆಲಸ ಈ ಕಾಲದಲ್ಲಿ ಉಳಿದೀತೇ ಎಂದು ಅನುಮಾನಿಸುವವರು ಗುಜರಾತಿನ ಕಚ್ಛದ ನಿರೋಣಾ ಹಳ್ಳಿಯತ್ತ ನೋಡಲಿ. ಅಲ್ಲಿಯ ಖತ್ರಿ ಮನೆತನದ್ದು ರೋಗನ್ ಕಲೆ. ಹರಳೆಣ್ಣೆಯನ್ನು ಎರಡು ದಿನದಷ್ಟು ಕುದಿಸಿ, ತಣ್ಣೀರಿಗೆ ಸುರಿದು, ಅಂಟಿನಂಥ ಪಾಕಕ್ಕೆ ಬಣ್ಣ ಬೆರೆಸುತ್ತಾರೆ. ಸ್ಟೆನ್ಸಿಲ್ ಇಲ್ಲ, ಲೋಹದ ಕಡ್ಡಿಯಿಂದ ನೂಲಿನಂತೆ ಎಳೆ ತೆಗೆದು ಬಟ್ಟೆಗೆ ಇಳಿಸುತ್ತಾರೆ. ಅರ್ಧ ಚಿತ್ರ ಬರೆದು ಬಟ್ಟೆ ಮಡಚಿದರೆ ಉಳಿದರ್ಧ ತಾನೇ ಮೂಡುತ್ತದೆ. ಅಗ್ಗದ ಗಿರಣಿ ಬಟ್ಟೆ ಬಂದಾಗ ಅವರ ಗಿರಾಕಿಗಳೂ ಕರಗಿದ್ದರು. ಆದರೂ ಬಿಡಲಿಲ್ಲ. 2014ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಭಾರತದ ಪ್ರಧಾನಿ ಕೊಟ್ಟ ಉಡುಗೊರೆಯಲ್ಲಿ ರೋಗನ್ ಚಿತ್ರವಿತ್ತು. 2019ರಲ್ಲಿ ಅಬ್ದುಲ್ ಗಫೂರ್ ಖತ್ರಿಯವರಿಗೆ ಪದ್ಮಶ್ರೀ ಬಂತು. ಅದಕ್ಕಿಂತ ದೊಡ್ಡ ಮಾತೆಂದರೆ, ಮನೆಯ ಗಂಡಸರ ಗುಟ್ಟಾಗಿದ್ದ ವಿದ್ಯೆಯನ್ನು ಅವರು ಊರಿನ ಹೆಣ್ಣುಮಕ್ಕಳಿಗೂ ಕಲಿಸಿದ್ದು. ಗುಟ್ಟು ಬಿಚ್ಚಿದ್ದರಿಂದ ಕಸುಬಿಗೆ ಹೊಸ ಕೈಗಳು ಸಿಕ್ಕವು.

ನಮ್ಮಲ್ಲಿ? ಕೇಂದ್ರ ಸರಕಾರ 2023ರಲ್ಲಿ ಶುರು ಮಾಡಿದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ. ದರ್ಜಿ ಇದ್ದಾನೆ, ಕ್ಷೌರಿಕ ಇದ್ದಾನೆ, ಹೂ ಕಟ್ಟುವವನಿದ್ದಾನೆ, ಸಂತೋಷ. ಬೋರ್ಡು, ಬ್ಯಾನರು ಬರೆಯುವವನ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಒಂದು ಸರಕಾರ ಫ್ಲೆಕ್ಸ್ ಬೇಡ ಅನ್ನುತ್ತದೆ, ಇನ್ನೊಂದಕ್ಕೆ ಬಟ್ಟೆ ಬರೆಯುವವನು ಕಣ್ಣಿಗೇ ಬೀಳುವುದಿಲ್ಲ. ಇದೆಂಥ ನ್ಯಾಯ?

ದಿಲ್ಲಿಯ ಪಟ್ಟಿ ತಿದ್ದುವವರೆಗೆ ಊರು ಕೈಕಟ್ಟಿ ಕೂರಬೇಕಿಲ್ಲ. ಪುರಸಭೆಯವರು ಸಂಜೆ ಹೊತ್ತು ಒಂದು ಕೋಣೆ ಬಿಟ್ಟುಕೊಡಲಿ. ಕುಂಚ ಕೆಳಗಿಟ್ಟ ಹಿರಿಯರನ್ನು ಸಂಬಳ ಕೊಟ್ಟು ಕರೆಯಲಿ. ಹತ್ತು ಹುಡುಗರು, ಹತ್ತು ಹುಡುಗಿಯರು ಕಲಿಯಲಿ. ಪುರಸಭೆ ತನ್ನ ಪ್ರಕಟಣೆಗಳನ್ನು ಮೊದಲು ಇವರ ಕೈಯಲ್ಲೇ ಬರೆಸಲಿ. ಅಂಗಡಿಯವರೂ ಈ ದಸರಾ ರಿಯಾಯಿತಿಗೆ ಒಂದಾದರೂ ಬಟ್ಟೆ ಬ್ಯಾನರು ಹೇಳಿ ಮಾಡಿಸಲಿ. ಗಿರಾಕಿಯೇ ಇಲ್ಲದ ವಿದ್ಯೆಯನ್ನು ಯಾವ ಹುಡುಗ ಕಲಿತಾನು?

ಹಳಬರ ಕೈ ನಡುಗುವ ಮುನ್ನ ಈ ಕೆಲಸ ಆಗಬೇಕು. ಸಂಬಂಧಪಟ್ಟವರು ಇತ್ತ ಗಮನ ಕೊಡುವರೆ?